ಒಂದು ಚೀಟಿ, ಒಂದು ಮಂಗ

ಮ್ಯೂಸಿಯಂಗಳಲ್ಲಿ ಚಿತ್ರದ ಪಕ್ಕ ಚೀಟಿ ಅಂಟಿಸುತ್ತಾರಲ್ಲ, ಅದನ್ನು ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಶಿರಸಿಯಿಂದ ಅಮೆರಿಕಕ್ಕೆ ಮಗಳ ಮನೆಗೆ ಹೋಗಿದ್ದಾಗ ಅವಳು ಅಂಥದ್ದೊಂದು ಕಡೆ ಕರೆದುಕೊಂಡು ಹೋಗಿದ್ದಳು. ಅಮೆರಿಕದ ಛಾಯಾಗ್ರಾಹಕಿ ಫ್ರಾನ್ಸೆಸ್ಕಾ ವುಡ್‌ಮನ್ ತನ್ನನ್ನೇ ತೆಗೆದುಕೊಂಡ ಕಪ್ಪು-ಬಿಳುಪು ಫೋಟೋಗಳು. ಅಂಗೈಗಿಂತ ತುಸು ದೊಡ್ಡವು, ಮೂಗು ತಾಗಿಸಿ ನೋಡಬೇಕು. ಪ್ರಾವಿಡೆನ್ಸ್ ಊರಿನ ಪಾಳುಮನೆ, ಗೋಡೆಯಿಂದ ಕಿತ್ತುಬಂದ ಕಾಗದ, ಅದರ ಹಿಂದೆ ಅರ್ಧ ಅಡಗಿದ ಹುಡುಗಿ. ಕ್ಯಾಮೆರಾದ ಷಟರ್ ತೆರೆದಿಟ್ಟು ತಾನು ಅಲ್ಲಾಡಿದ್ದಾಳೆ. ಮುಖ ಇರಬೇಕಾದಲ್ಲಿ ಬರೀ ಹೊಗೆ.

ಮೈ ಜುಂ ಅಂದಿತು. ಆಗಲೇ ಚೀಟಿ ಕಣ್ಣಿಗೆ ಬಿತ್ತು: ಹುಟ್ಟಿದ್ದು 1958, ಆತ್ಮಹತ್ಯೆ 1981. ಮುಗೀತು! ಆಮೇಲೆ ನೋಡಿದ್ದರಲ್ಲೆಲ್ಲ ಸಾವೇ. ಪಕ್ಕದವರೂ ಮೊದಲು ಚೀಟಿ ಓದಿ, ನಿಟ್ಟುಸಿರು ಬಿಟ್ಟು, ಆಮೇಲೆ ಫೋಟೋ ನೋಡುತ್ತಿದ್ದರು. ಇವೆಲ್ಲ ಆಕೆ ಕಾಲೇಜಿನಲ್ಲಿದ್ದಾಗ ತೆಗೆದವು ಕಣ್ರೀ. ಒಂದರಲ್ಲಿ ಮೂವರು ಹೆಂಗಸರು ಅವಳ ಮುಖದ ಫೋಟೋ ಹಿಡಿದು ತಮ್ಮ ಮುಖ ಮುಚ್ಚಿಕೊಂಡಿದ್ದಾರೆ, ಅಸಲಿ ಯಾರು ಹುಡುಕಿ ಅನ್ನುವ ಹಾಗೆ. ಅದಕ್ಕೆ ನಕ್ಕವರು ಯಾರೂ ಇಲ್ಲ.

ಇಂಥ ಮುಖ ನಮ್ಮ ಮನೆಯಲ್ಲೂ ಒಂದಿತ್ತು. ಅಮ್ಮಮ್ಮನದು. ಪೇಟೆಯಿಂದ ಫೋಟೋದವನು ಬಂದು, ಜಗಲಿಯಲ್ಲಿ ಕುರ್ಚಿ ಹಾಕಿಸಿ ಅವಳನ್ನು ಕೂರಿಸಿದ. ಮಳೆಗಾಲ, ಬೆಳಕು ಸಾಲದು. "ಅಲ್ಲಾಡಬೇಡಿ" ಅಂದ. ಅಷ್ಟರಲ್ಲಿ ಯಾರೋ "ತ್ವಾಟಕ್ಕೆ ಮಂಗ ಬಂಜು!" ಅಂತ ಕೂಗಿದರು. ಅಮ್ಮಮ್ಮ ಗಕ್ಕನೆ ತಿರುಗಿದಳು. ಸೀರೆಯ ಅಂಚು, ಬಳೆ, ತೊಡೆ ಮೇಲಿನ ಕವಳದ ಬಟ್ಟಲು ಎಲ್ಲ ಸ್ಪಷ್ಟವಾಗಿ ಬಂದಿದ್ದವು. ಮುಖ ಮಾತ್ರ ಇಲ್ಲ. ಮೂಗುಬೊಟ್ಟು ಒಂದು ಬಿಳಿ ಗೆರೆಯಾಗಿತ್ತು. ಅದರ ಪಕ್ಕ ಆ ಚೀಟಿಯವರನ್ನು ನಿಲ್ಲಿಸಿದ್ದರೆ ಏನೇನು ಬರೆಯುತ್ತಿದ್ದರೋ! ಮಂಗ ಅಂತ ಮಾತ್ರ ಬರೆಯುತ್ತಿರಲಿಲ್ಲ.

ಅವಳು ತೀರಿಕೊಂಡಾಗ ಇದ್ದದ್ದು ಅದೊಂದೇ ಫೋಟೋ. ಚಿಕ್ಕಪ್ಪ ಅದನ್ನು ಸ್ಟುಡಿಯೋಕ್ಕೆ ಕೊಟ್ಟು ದೊಡ್ಡದು ಮಾಡಿಸಿದರು. ಹೊಗೆಯ ಮೇಲೆ ಸ್ಟುಡಿಯೋದವನು ಬ್ರಷ್ ಹಿಡಿದು ಕಣ್ಣು, ಮೂಗು, ತುಟಿ ಬರೆದ. ಬಿಲ್ಲಿನಂಥ ಹುಬ್ಬು ಬೇರೆ! ಯಾರ ಮನೆ ಹೆಂಗಸೋ, ಈಗ ನಮ್ಮ ಗೋಡೆ ಮೇಲೆ ಕೂತು ಪ್ರತಿ ತಿಥಿಗೂ ಹಾರ ಹಾಕಿಸಿಕೊಳ್ಳುತ್ತಾಳೆ. ಮೂಲ ಫೋಟೋ ಎಲ್ಲಿ ಅಂದರೆ, "ಹಾಳಾದ ಫೋಟೋ ಯಾರು ಇಟ್ಕತ್ತ?" ಅಂತಾರೆ ಚಿಕ್ಕಪ್ಪ. ಈ ಸಲದ ತಿಥಿಯಲ್ಲಿ ನನಗೆ ತಡೆಯಲಾಗಲಿಲ್ಲ. ಅಮ್ಮಮ್ಮನಿಗೆ ಇಂಥ ಹುಬ್ಬು ಯಾವಾಗ ಇತ್ತು ಅಂತ ಕೇಳಿಯೇಬಿಟ್ಟೆ. ಪಾಯಸ ಸುರಿಯುತ್ತಿದ್ದ ಚಿಕ್ಕಪ್ಪ ಬಾಳೆಯಿಂದ ತಲೆ ಎತ್ತಿದರು.

"ಸುಮ್ನಿರು ಮಾರಾಯ. ಹುಬ್ಬಿಗೆ ಅಂವ ಬೇರೆ ದುಡ್ಡು ತಗಂಡಿದ್ದ."