64 ಲೀಡರುಗಳು ಮತ್ತು ಥಾಣೆ ಸ್ಟೇಷನ್ನಿನ ಇಂಡಿಕೇಟರ್

ನಿನ್ನೆ ಸಂಜೆಯಿಂದ ತಲೆ ಕಾದಿದೆ. ರಾತ್ರಿಯೇ ಬರೆಯಲು ಕೂತಿದ್ದೆ, ಬೈಗುಳ ಜಾಸ್ತಿ ಆಗುತ್ತದೆ ಅಂತ ಮಗಳು ಫೋನ್ ಕಿತ್ತುಕೊಂಡಳು. ಈಗ ಅವಳು ಕ್ಲಾಸಿಗೆ ಹೋಗಿದ್ದಾಳೆ. ಇನ್ನು ತಡೆಯುವವರಿಲ್ಲ.

ಅಣ್ಣನ ಮಗನ ವಿಷಯ. ನಮ್ಮನೆ ಮಾಣಿ (ನಮ್ಮ ಕುಂದಾಪುರದ ಕಡೆ ಹುಡುಗನಿಗೆ ಹೀಗೇ ಅನ್ನುವುದು) ನಿಮಗೆಲ್ಲ ಗೊತ್ತು. ಹೋದ ವರ್ಷ ಚೌತಿಯ ಫೋಟೋದಲ್ಲಿ ಮೋದಕದ ತಟ್ಟೆ ಹಿಡಿದು ನಿಂತಿದ್ದನಲ್ಲ, ಅವನೇ. ಈಗ 15 ತುಂಬಿದೆ, ನನಗಿಂತ ಒಂದು ಗೇಣು ಎತ್ತರ. ನವಿ ಮುಂಬೈಯ ವಾಶಿಯ ಒಂದು ಹೋಟೆಲಿನಲ್ಲಿ ಮೂರು ದಿನದ ‘ಟೀನ್ ಲೀಡರ್‌ಶಿಪ್ ಕಾನ್ಫರೆನ್ಸ್’ಗೆ ಹೋಗಿದ್ದ. ಫೀಸು 11,500 ರೂಪಾಯಿ. ಜಿಎಸ್‌ಟಿ ಬೇರೆ. ಅಣ್ಣನ ಕಾರು ಗ್ಯಾರೇಜಿನಲ್ಲಿತ್ತು, ಅತ್ತಿಗೆಗೆ ಬೆನ್ನುನೋವು. ಹಾಗಾಗಿ ಕೊನೇ ದಿನದ ಸಮಾರಂಭಕ್ಕೆ ರೇಷ್ಮೆ ಸೀರೆ ಉಟ್ಟುಕೊಂಡು ನಾನು ಹೋದೆ. ಹೋಗಬಾರದಿತ್ತು.

ಹೊರಗೆ ಮೇ ತಿಂಗಳ ಬೆವರು. ಒಳಗೆ ಶಾಲು ಬೇಕು ಅನ್ನುವಷ್ಟು ಎಸಿ. ವೇದಿಕೆ ಮೇಲೆ ಒಬ್ಬ ತರುಣ ಕೆನ್ನೆಗೆ ಮೈಕು ಅಂಟಿಸಿಕೊಂಡು ‘ಎನರ್ಜಿ ಎಲ್ಲಿ? ಎನರ್ಜಿ ಎಲ್ಲಿ?’ ಅಂತ ಹುಡುಕುತ್ತಿದ್ದ. ಮಕ್ಕಳು ಪಾಪ ‘ಊ’ ಅಂತ ಕೂಗುತ್ತಿದ್ದರು. ಆಮೇಲೆ ಸರ್ಟಿಫಿಕೇಟ್ ಹಂಚಿದರು. ನಾನು ಕೂತಲ್ಲೇ ಎಣಿಸಿದೆ. ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದವಳಿಗೆ ಎಣಿಸದೆ ಇರಲಿಕ್ಕೆ ಆಗುವುದಿಲ್ಲ. 64 ಮಕ್ಕಳು, 64 ಸರ್ಟಿಫಿಕೇಟ್, ಎಲ್ಲದರಲ್ಲೂ ‘ಎಮರ್ಜಿಂಗ್ ಲೀಡರ್’. ಇಷ್ಟು ಜನ ಲೀಡರುಗಳ ಹಿಂದೆ ನಡೆಯಲಿಕ್ಕೆ ಯಾರನ್ನು ಕರೆಸುತ್ತಾರೋ ದೇವರಿಗೇ ಗೊತ್ತು.

ಮೂರು ದಿನ ಏನೇನು ಮಾಡಿದರು ಅಂತ ಪರದೆ ಮೇಲೆ ತೋರಿಸಿದರು. ವಿಷನ್ ಬೋರ್ಡ್ ಅಂತೆ, ಪತ್ರಿಕೆಯಿಂದ ಕಾರು ಬಂಗಲೆ ಕತ್ತರಿಸಿ ಅಂಟಿಸುವುದು. ಟ್ರಸ್ಟ್ ಫಾಲ್ ಅಂತೆ, ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು. ಇದನ್ನು ನಾನೂ ಮಾಡಿದ್ದೇನೆ, ಆಫೀಸಿನ ಟ್ರೈನಿಂಗಿನಲ್ಲಿ. ಹಿಡಿಯಬೇಕಾದವರು ಮೊಬೈಲ್ ನೋಡುತ್ತಿದ್ದರು. ಸೊಂಟ ಇವತ್ತಿಗೂ ಮಳೆಗಾಲದಲ್ಲಿ ನೆನಪು ಮಾಡಿಕೊಡುತ್ತದೆ.

ಇನ್ನೊಂದು ಆಟ ಮಾತ್ರ ಚೆನ್ನಾಗಿತ್ತು. 20 ಸ್ಪಾಗೆಟಿ (ಒಣ ಶಾವಿಗೆಯಂಥದ್ದು) ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, 18 ನಿಮಿಷ. ಗೋಪುರ ಕಟ್ಟಿ ಅದರ ತುದಿಗೆ ಒಂದು ಮಾರ್ಷ್‌ಮೆಲೋ, ಅಂದರೆ ಹತ್ತಿಯಂಥ ಮೆತ್ತನೆ ಮಿಠಾಯಿ, ಇಡಬೇಕು. ಇದು ಪ್ರಪಂಚದ ಎಲ್ಲ ಕಡೆ ಆಡಿಸುವ ಆಟ. ಇದರಲ್ಲಿ ಎಂಬಿಎ ಓದಿದವರಿಗಿಂತ ಕೆಜಿ ಮಕ್ಕಳು ಎತ್ತರದ ಗೋಪುರ ಕಟ್ಟುತ್ತಾರೆ ಅನ್ನುವುದು ಹೆಸರಾದ ಸಂಗತಿ. ಯಾಕೆಂದರೆ ಕೆಜಿ ಮಕ್ಕಳು ಬಾಸ್ ಯಾರು ಅಂತ ತೀರ್ಮಾನ ಮಾಡುತ್ತಾ ಕೂರುವುದಿಲ್ಲ. ಕಟ್ಟುತ್ತಾರೆ, ಬೀಳುತ್ತದೆ, ಮತ್ತೆ ಕಟ್ಟುತ್ತಾರೆ. ನಮ್ಮ ಕಾನ್ಫರೆನ್ಸಿನವರು ಏನು ಮಾಡಿದರು ಗೊತ್ತಾ? ಕಡ್ಡಿ ಕೊಡುವ ಮೊದಲು ಪ್ರತಿ ಟೇಬಲ್ಲಿಗೂ ಒಬ್ಬ ಸಿಇಒ ಆರಿಸಿರಿ ಅಂದರು. ಆಟದ ಜೀವವನ್ನೇ ತೆಗೆದು ಆಟ ಆಡಿಸಿದ ಹಾಗೆ.

ನನಗೆ ಸಿಟ್ಟು ಬಂದದ್ದು ಇದಕ್ಕಲ್ಲ. ಸಮಾರಂಭ ಮುಗಿದ ಮೇಲೆ.

ತಿಂಡಿ ಆಯಿತು. ಕುರ್ಚಿಗಳ ಮೇಲೆಲ್ಲ ಸಮೋಸಾ ತಟ್ಟೆ, ಅರ್ಧ ಕುಡಿದ ಬಾಟಲಿ, ಕಾರ್ಪೆಟ್ಟಿನ ಮೇಲೆ ಸ್ಪಾಗೆಟಿ ಪುಡಿ. ಹೋಟೆಲಿನ ಸಮವಸ್ತ್ರ ಹಾಕಿದ ಒಬ್ಬ ಹುಡುಗ ಕಪ್ಪು ಚೀಲ ಹಿಡಿದು ಒಂದು ಮೂಲೆಯಿಂದ ಎತ್ತುತ್ತಾ ಬಂದ. ಆ 64 ಲೀಡರುಗಳಿಗಿಂತ ಅವನಿಗೆ ಒಂದೆರಡು ವರ್ಷ ಜಾಸ್ತಿ ಇರಬೇಕು ಅಷ್ಟೇ. ಲೀಡರುಗಳು ಸೆಲ್ಫಿ ತೆಗೆಯುತ್ತಿದ್ದರು. ಅವನು ಅವರ ಕಾಲಿನ ಸಂದಿಯಿಂದ ಬಾಟಲಿ ಎತ್ತಿಕೊಂಡ. ಒಬ್ಬ ಕಾಲು ಸರಿಸಿದ, ಅಷ್ಟು ಪುಣ್ಯ.

ಆಗ ಎರಡು ಜಡೆ ಹಾಕಿದ್ದ ಒಂದು ಹುಡುಗಿ ಬಗ್ಗಿ ತನ್ನ ಟೇಬಲ್ಲಿನ ಕೆಳಗಿದ್ದ ಮಾರ್ಷ್‌ಮೆಲೋ ಎತ್ತಿದಳು. ಪಕ್ಕದ ತಟ್ಟೆಗಳನ್ನು ಒಂದರೊಳಗೊಂದು ಇಟ್ಟಳು. ಮೂರು ತಟ್ಟೆ, ನಾಲ್ಕು. ಅವಳಮ್ಮ ದೂರದಿಂದಲೇ ಕೂಗಿದರು: ‘ರಾಹೂ ದೇ ಗ, ತೇ ಕರತೀಲ್.’ ಬಿಡೇ, ಅವರು ಮಾಡ್ತಾರೆ.

ಹುಡುಗಿ ಇಟ್ಟುಬಿಟ್ಟಳು.

ನೋಡಿ, ಮೂರು ದಿನದಲ್ಲಿ ಆ ಹಾಲಿನಲ್ಲಿ ಯಾರೂ ಹೇಳಿಕೊಡದೆ, ಸಿಇಒ ಆಗದೆ, ತಾನಾಗಿ ಕೆಲಸಕ್ಕೆ ಕೈ ಹಾಕಿದವಳು ಅವಳೊಬ್ಬಳೇ. ಅವಳನ್ನೂ ನಿಲ್ಲಿಸಿದೆವು. ನನ್ನ ತಕರಾರು ಇಷ್ಟೇ. ಮಕ್ಕಳ ಕೈಗೆ ಒಂದೇ ಒಂದು ನಿಜವಾದ ಕೆಲಸ ಕೊಡುವುದಿಲ್ಲ, ಕೊಡದೆ ಅವರನ್ನು ಲೀಡರ್ ಅನ್ನುತ್ತೇವೆ.

ವಾಪಸು ಬರುವಾಗ ನಾನು ಸ್ವಲ್ಪ ಕಿಡಿಗೇಡಿತನ ಮಾಡಿದೆ. ‘ಮಾಣಿ, ನನಗೆ ದಾರಿ ಗೊತ್ತಿಲ್ಲ ಅಂದ್ಕೋ. ಡೊಂಬಿವಲಿಗೆ ನೀನೇ ಕರ್ಕೊಂಡು ಹೋಗು’ ಅಂದೆ.

‘ಅತ್ತೆ, ಕ್ಯಾಬ್ ಮಾಡ್ಲಾ?’

‘ಕ್ಯಾಬ್ ಬೇಡ. ಟ್ರೇನು.’

ವಾಶಿ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ಅವನು ಐದು ಜನರಿಗೆ ದಾರಿ ಬಿಟ್ಟ. ಆರನೆಯವನಾಗಿ ಹೋಗಿ 500ರ ನೋಟು ಒಳಗೆ ತೂರಿಸಿದ. ಒಳಗಿನವರು ‘ಸುಟ್ಟೇ?’ ಅಂದರು. ಅವನು ನನ್ನ ಕಡೆ ತಿರುಗಿ ನೋಡಿದ. ಡೊಂಬಿವಲಿಯಲ್ಲೇ ಹುಟ್ಟಿದ ಹುಡುಗ, ಚಿಲ್ಲರೆಗೆ ಸುಟ್ಟೇ ಅಂತಾರೆ ಅಂತ ಗೊತ್ತಿಲ್ಲ. ಅವತ್ತು ಬೆಳಿಗ್ಗೆ ತಾನೇ ‘ಕಾನ್ಫಿಡೆಂಟ್ ಕಮ್ಯುನಿಕೇಷನ್’ ಬಗ್ಗೆ ಎರಡು ಗಂಟೆ ಪಾಠ ಆಗಿತ್ತಂತೆ.

ತುರ್ಭೆ, ಘನ್ಸೋಲಿ, ಐರೋಲಿ ದಾಟಿ ಥಾಣೆಗೆ ಬಂದೆವು. ಅಲ್ಲಿ ಗಾಡಿ ಬದಲಿಸಬೇಕು. ಇಂಡಿಕೇಟರಿನಲ್ಲಿ, ಅಂದರೆ ಮುಂದಿನ ಗಾಡಿ ತೋರಿಸುವ ಬೋರ್ಡಿನಲ್ಲಿ, ಇಂಗ್ಲಿಷ್ ಅಕ್ಷರ ‘ಎಸ್’, ಪಕ್ಕದಲ್ಲಿ ಟೈಮು, ಕೊನೆಗೆ ‘ಎಫ್’. ಮಾಣಿ ತಲೆ ಎತ್ತಿ ನೋಡೇ ನೋಡಿದ. ‘ಅತ್ತೆ, ಎಸ್ ಅಂದ್ರೆ ಸ್ಲೋ, ಎಫ್ ಅಂದ್ರೆ ಫಾಸ್ಟ್. ಒಂದೇ ಗಾಡಿ ಸ್ಲೋನೂ ಫಾಸ್ಟೂ ಹೇಗೆ ಆಗ್ತದೆ?’

ಪ್ರಶ್ನೆ ಒಳ್ಳೆಯದೇ. ಮೊದಲಲ್ಲಿ ಬರುವುದು ಊರಿನ ಗುರುತು, ಕೊನೆಯಲ್ಲಿ ಬರುವುದು ವೇಗ. ಕಲ್ಯಾಣದಲ್ಲಿ ಹಳಿ ಎರಡಾಗುತ್ತದೆ. ಈಶಾನ್ಯಕ್ಕೆ ಕಸಾರಾ, ಅದು ‘ಎನ್’. ಆಗ್ನೇಯಕ್ಕೆ ಕರ್ಜತ್, ಅದು ‘ಎಸ್’. ನಮಗೆ ಯಾವುದಾದರೂ ಆಗುತ್ತದೆ, ಡೊಂಬಿವಲಿ ಕಲ್ಯಾಣಕ್ಕಿಂತ ಮುಂಚೆಯೇ ಬರುತ್ತದಲ್ಲ. ಆದರೆ ನಾನು ಬಾಯಿ ಬಿಡಲಿಲ್ಲ. ಅವನು ಯಾರನ್ನಾದರೂ ಕೇಳುತ್ತಾನಾ ನೋಡೋಣ ಅಂತ. ಸುತ್ತ ಇನ್ನೂರು ಜನ ಇದ್ದರು. ಕೇಳಲಿಲ್ಲ. ಎರಡು ಗಾಡಿ ಹೋದವು. ಮೂರನೆಯದು ಬರುವಾಗ ನನ್ನ ಕಾಲು ನೋಯತೊಡಗಿತು, ನಾನೇ ಎಳೆದುಕೊಂಡು ಹತ್ತಿದೆ.

ಹುಡುಗನ ತಪ್ಪು ಅಂತ ಯಾರೂ ಕಮೆಂಟ್ ಹಾಕಬೇಡಿ, ಬ್ಲಾಕ್ ಮಾಡುತ್ತೇನೆ. ಬಂಗಾರದಂಥ ಮಾಣಿ. ಶಾಲೆಗೆ ಬಸ್ಸು, ಕ್ಲಾಸಿಗೆ ಕಾರು, ಮನೆಗೆ ಬಂದರೆ ನಾಲ್ಕು ಹೆಂಗಸರು ಸುತ್ತ. ಅವನು ಯಾರನ್ನು ಏನು ಕೇಳಬೇಕಿತ್ತು ಇಷ್ಟು ದಿನ?

ಸಮ್ಮರ್ ಕ್ಯಾಂಪುಗಳ ಕಥೆಯೂ ಇದೇ. ಮೂರು ವರ್ಷದ ಹಿಂದೆ ಮಗಳನ್ನು ಥಾಣೆ ಜಿಲ್ಲೆಯ ಶಹಾಪುರದ ಕಡೆ ಒಂದು ಕ್ಯಾಂಪಿಗೆ ಕಳಿಸಿದ್ದೆ. ಟೆಂಟ್ ಮೊದಲೇ ಹೊಡೆದಿಟ್ಟಿದ್ದರು. ಕ್ಯಾಂಪ್‌ಫೈರಿಗೆ ಕೆಲಸದವರು ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಜಿಪ್‌ಲೈನಿಗೆ ಬೆಲ್ಟು ಬಿಗಿದು ತಳ್ಳಿದರೆ ಆಚೆ ಹಿಡಿಯಲು ಒಬ್ಬ. ಮಕ್ಕಳು ಮಾಡಿದ್ದೇನು? ಜಾರಿದ್ದು. ಮಧ್ಯಾಹ್ನ ರೈನ್ ಡಾನ್ಸ್, ಟ್ಯಾಂಕರ್ ನೀರಿನಲ್ಲಿ. ಮುಂಬೈ ಕುಡಿಯುವ ಭಾತ್ಸಾ, ತಾನ್ಸಾ, ವೈತರಣಾದ ನೀರೆಲ್ಲ ಆ ಕಡೆಯದೇ. ಆದರೆ ಬೇಸಿಗೆಯಲ್ಲಿ ಶಹಾಪುರದ ಹಳ್ಳಿಗಳ ಹೆಂಗಸರು ಕೊಡ ಹಿಡಿದು ಟ್ಯಾಂಕರ್ ಕಾಯುತ್ತಾರೆ. ಆ ಮಕ್ಕಳನ್ನು ಒಂದು ಸಂಜೆ ಆ ಸಾಲಿನಲ್ಲಿ ನಿಲ್ಲಿಸಿ, ಒಂದು ಕೊಡ ಹೊತ್ತು ತನ್ನಿ ಅಂದಿದ್ದರೆ ನಾನು ಇನ್ನೂ ಎರಡು ಸಾವಿರ ಜಾಸ್ತಿ ಕೊಡುತ್ತಿದ್ದೆ.

ಹಾಗೆ ನೋಡಿದರೆ ಕ್ಯಾಂಪ್ ಅನ್ನುವ ಐಡಿಯಾ ಕೆಟ್ಟದ್ದಲ್ಲ. 1907ರಲ್ಲಿ, ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋದಾಗ ಮಾಡಿದ್ದೇ ಬೇರೆ. ಹುಡುಗರನ್ನು ನಾಲ್ಕು ಪೆಟ್ರೋಲ್ (ಸ್ಕೌಟ್ಸಿನವರು ಸಣ್ಣ ಗುಂಪಿಗೆ ಹೀಗನ್ನುತ್ತಾರೆ) ಮಾಡಿ, ಪ್ರತಿ ಪೆಟ್ರೋಲಿಗೂ ಅವರಲ್ಲೇ ಒಬ್ಬ ಹುಡುಗನನ್ನು ಲೀಡರ್ ಮಾಡಿ, ಅವನ ಗುಂಪಿನ ಜವಾಬ್ದಾರಿಯನ್ನು ಅವನಿಗೇ ಬಿಟ್ಟರು. (ಅದೇ ವರ್ಷ ನಮ್ಮ ನೇರಳ್-ಮಾಥೇರಾನ್ ಪುಟಾಣಿ ರೈಲು ಶುರುವಾಯಿತು. ಸುಮ್ನೆ ಹೇಳಿದೆ, ನನಗೆ ಆ ರೈಲು ಇಷ್ಟ.) ಕುಂದಾಪುರದ ಶಾಲೆಯಲ್ಲಿ ನಾನೂ ಗೈಡ್ಸಿನಲ್ಲಿದ್ದೆ. ಪೆಟ್ರೋಲ್ ಲೀಡರ್. ನನ್ನ ಉಸ್ತುವಾರಿಯಲ್ಲಿ ಆರು ಹುಡುಗಿಯರಿಗೆ ಗಂಜಿ ಸೀದಿತ್ತು. ಸೀದ ಗಂಜಿಯನ್ನೇ ಉಂಡೆವು. ಟೀಚರ್ ಬಂದು ನೋಡಿದರು, ಒಂದು ಮಾತೂ ಆಡಲಿಲ್ಲ, ಅವರೂ ಒಂದು ಬಟ್ಟಲು ಹಾಕಿಸಿಕೊಂಡರು. ಮರುದಿನ ಗಂಜಿ ಸೀಯಲಿಲ್ಲ.

ನಿನ್ನೆ ರಾತ್ರಿ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ಹಾಗಾದ್ರೆ ದೊಡ್ಡಪ್ಪನ ಹಾಗೆ ಅವನನ್ನೂ ಹೋಟೆಲಿಗೆ ತಟ್ಟೆ ತೊಳೆಯಲಿಕ್ಕೆ ಕಳಿಸ್ಲಾ ಮಾರಾಯ್ತಿ?’ ಅಂದ. ಬರುತ್ತದೆ ಅಂತ ಗೊತ್ತಿತ್ತು ಈ ಮಾತು.

ದೊಡ್ಡಪ್ಪನ ವಿಷಯ ಹಳಬರಿಗೆ ಗೊತ್ತು. ಕೊಂಕಣ ರೈಲು ಬಂದದ್ದು 1998ಕ್ಕೆ. ಅವರು ಅದಕ್ಕೂ 40 ವರ್ಷ ಮುಂಚೆ, 12ನೇ ವಯಸ್ಸಿಗೆ, ಬಸ್ಸು ಬದಲಿಸುತ್ತಾ ಮುಂಬೈಗೆ ಬಂದವರು. ಹಗಲು ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ಕೆಲಸ. ಸಂಜೆ ಅಲ್ಲೇ ಕನ್ನಡದ ರಾತ್ರಿ ಶಾಲೆ. ಅದು ಒಳ್ಳೆಯ ಕಾಲ ಅಂತ ನಾನು ಯಾವತ್ತೂ ಹೇಳಿಲ್ಲ. 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡರೆ ಈಗ ಜೈಲು, ಹಾಗೇ ಇರಬೇಕು. ದೊಡ್ಡಪ್ಪನ ಬೆರಳ ಸಂದಿಯಲ್ಲಿ ನೀರು ತಿಂದ ಕಲೆ ಸಾಯುವ ತನಕ ಇತ್ತು.

ಆದರೆ ಅಣ್ಣ ಅರ್ಧ ಕಥೆ ಮಾತ್ರ ಹೇಳುತ್ತಾನೆ. ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಮೇಲೆ ದೊಡ್ಡಪ್ಪ ಅಕ್ಷರ ಬಾರದ ಉಳಿದ ಹುಡುಗರಿಗೆ ಮನಿಯಾರ್ಡರ್ ಫಾರ್ಮ್ ತುಂಬಿಕೊಡುತ್ತಿದ್ದರು. ಅದರ ಕೆಳಗೆ ಕೂಪನ್ ಇರುತ್ತಿತ್ತಲ್ಲ, ಮನೆಯವರಿಗೆ ಎರಡು ಮಾತು ಬರೆಯಲಿಕ್ಕೆ ನಾಲ್ಕು ಬೆರಳು ಜಾಗ. ಅಷ್ಟರಲ್ಲಿ ಒಬ್ಬ ಹುಡುಗನ ಜ್ವರ, ಸಂಬಳ, ಅಮ್ಮನ ನೆನಪು ಎಲ್ಲ ಹಿಡಿಸಬೇಕು. ಜ್ವರದ ವಿಷಯ ಬರೆಯಬೇಕಾ, ಬರೆದರೆ ಊರಲ್ಲಿ ಹೆದರುತ್ತಾರಾ ಅಂತ 13 ವರ್ಷದ ದೊಡ್ಡಪ್ಪ ತೀರ್ಮಾನ ಮಾಡಬೇಕಿತ್ತು. ನಾಟಕಕ್ಕೆ ಹುಡುಗರಿಂದ ಚಂದಾ ಎತ್ತುವುದು, ಲೆಕ್ಕ ಇಡುವುದು, ವೇಷದ ಬಟ್ಟೆ ಬಾಡಿಗೆಗೆ ತರುವುದು, ಎಲ್ಲ ಅವರದೇ. ಯಾರೂ ಅವರನ್ನು ಎಮರ್ಜಿಂಗ್ ಏನೂ ಅನ್ನಲಿಲ್ಲ. ತಟ್ಟೆ ತೊಳೆಸು ಅಂತ ನಾನು ಹೇಳುತ್ತಿಲ್ಲ ಅಣ್ಣಾ, ಕೂಪನ್ ತುಂಬಿಸು ಅಂತ ಹೇಳುತ್ತಿದ್ದೇನೆ. ಈ ಪೋಸ್ಟ್ ಓದುತ್ತೀಯ ಅಂತ ಗೊತ್ತು.

ಸ್ಟೇಜ್ ಮೇಲೆ ಮಾತಾಡಲಿಕ್ಕೆ ಧೈರ್ಯ ಬರುತ್ತದಲ್ಲ, ಅದೂ ಬೇಡವಾ ಅಂತ ಅತ್ತಿಗೆ ಕೇಳಿದರು. ಬೇಕು. ಆದರೆ ಮಾತಾಡಲಿಕ್ಕೆ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ವಾ? ನಮ್ಮ ಕನ್ನಡ ಸಂಘದವರೂ ಇದರಲ್ಲಿ ಕಡಿಮೆಯಿಲ್ಲ. ಹೋದ ವರ್ಷದ ಮಕ್ಕಳ ಶಿಬಿರದ ಉದ್ಘಾಟನೆಗೆ ವೇದಿಕೆ ಮೇಲೆ 9 ಗಣ್ಯರು, ಕೆಳಗೆ 14 ಮಕ್ಕಳು. ಅದರಲ್ಲಿ ಮೂವರು ಶಾಲು ಹಿಡಿದು ನಿಂತಿದ್ದರು. ಆಮೇಲಿನ ಹತ್ತು ದಿನ ಅಕ್ಷರ, ಯಕ್ಷಗಾನದ ಹೆಜ್ಜೆ ಚೆನ್ನಾಗಿಯೇ ನಡೆಯಿತು, ಅದನ್ನು ಒಪ್ಪುತ್ತೇನೆ.

ಈಗ ನನ್ನದು. ಮಗಳನ್ನು ಆ ಶಹಾಪುರದ ಕ್ಯಾಂಪಿಗೆ ಕಳಿಸುವಾಗ ಬ್ಯಾಗು ತುಂಬಿದ್ದು ನಾನು. ಪ್ರತಿ ದಿನದ ಬಟ್ಟೆಗೆ ಬೇರೆ ಬೇರೆ ಪ್ಲಾಸ್ಟಿಕ್ ಚೀಲ, ಮೇಲೆ ಚೀಟಿ: ‘ದಿನ 1’, ‘ದಿನ 2’. ಮೊದಲ ರಾತ್ರಿ ಅಲ್ಲಿಯವರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಅವರು ಎತ್ತಲಿಲ್ಲ, ಒಳ್ಳೆಯದೇ ಮಾಡಿದರು. ಮಗಳು ‘ದಿನ 3’ರ ಚೀಲ ಬಿಚ್ಚದೆ ವಾಪಸು ತಂದಿದ್ದಳು.

ಮತ್ತೆ ನಿನ್ನೆ. ಆ ಹೋಟೆಲ್ ಹುಡುಗ ಚೀಲ ಹಿಡಿದು ನನ್ನ ಕುರ್ಚಿಯ ಹತ್ತಿರ ಬಂದಾಗ ನಾನು ಎದ್ದೆನಾ? ಇಲ್ಲ. ತಟ್ಟೆ ಅವನ ಕೈಗೆ ಕೊಟ್ಟೆ, ಕೂತಲ್ಲಿಂದಲೇ. ಸೀರೆಗೆ ಚಟ್ನಿ ತಾಗಬಾರದು ಅಂತ ಸ್ವಲ್ಪ ದೂರ ಹಿಡಿದು ಕೊಟ್ಟೆ. ಆ ಎರಡು ಜಡೆಯ ಹುಡುಗಿ ನನ್ನನ್ನೂ ನೋಡಿರುತ್ತಾಳೆ.

ಇರಲಿ. ಬರುವ ಭಾನುವಾರ ಮಾಣಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಅಜ್ಜಿಯನ್ನು, ಅಂದರೆ ನಮ್ಮಮ್ಮನನ್ನು, ಮಾಟುಂಗಾಕ್ಕೆ ಕರೆದುಕೊಂಡು ಹೋಗಬೇಕು. ಸಾಂಬಾರ್ ಸೌತೆ, ಕೆಸುವಿನ ಎಲೆ, ಮಲ್ಲಿಗೆ ತರಬೇಕು, ಲೆಕ್ಕ ಒಪ್ಪಿಸಬೇಕು. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ಕುರ್ಲಾದಲ್ಲಿ ಇಳಿದು ಸ್ಲೋ ಹಿಡಿಯಬೇಕು. ಅದನ್ನು ಹೇಳಿಲ್ಲ. ಭಾನುವಾರ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಅಂತ ಗಾಡಿಗಳನ್ನು ನಿಲ್ಲಿಸುವುದು, ಬೇರೆ ಹಳಿಯಲ್ಲಿ ಓಡಿಸುವುದು) ಇದ್ದರೆ ಇನ್ನೂ ಚೆಂದ, ಯಾವ ಗಾಡಿ ಯಾವ ಹಳಿಯಲ್ಲಿ ಬರುತ್ತದೆ ಅಂತ ಅಕ್ಕಪಕ್ಕದವರನ್ನು ಕೇಳಲೇಬೇಕಾಗುತ್ತದೆ. ಅಮ್ಮನಿಗೆ ಲೋಕಲ್ಲಿನಲ್ಲಿ 45 ವರ್ಷದ ಅನುಭವ. ‘ದಾರಿ ಹೇಳಿಕೊಡಬೇಡ, ಸುಮ್ನೆ ಕೂರು’ ಅಂತ ಕೈ ಮುಗಿದು ಹೇಳಿದ್ದೇನೆ. ಸುಮ್ನೆ ಕೂರುವುದು ಅಮ್ಮನಿಗೆ ಹುಟ್ಟಿದಾಗಿನಿಂದ ಬಂದಿಲ್ಲ.

ನಾನು ಅದೇ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಇರುತ್ತೇನೆ. ಮಾಣಿಗೆ ಯಾರೂ ಹೇಳಬೇಡಿ.