ಎರಡನೆಯ ಚೌಕದ ಕಾವಲು

ಬಸವನಗುಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಭಾನುವಾರದ ಮಧ್ಯಾಹ್ನಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಉರುಳಿಸುವ ಆಟ ಆಡುವ ಗುಂಪು ನಮ್ಮದು. ಅದರಲ್ಲಿ ನನ್ನದು ಗ್ಲೇವ್ (ಉದ್ದ ಕೋಲಿನ ತುದಿಗೆ ಅಲಗಿರುವ ಆಯುಧ) ಹಿಡಿದ ಫೈಟರ್, ಅಂದರೆ ಯೋಧನ ಪಾತ್ರ. ಶತ್ರುಗಳಿಗೆ ಗೊಂಬೆಗಳಿಲ್ಲ, ಚೌಕಾಬಾರಕ್ಕೆಂದು ಅಜ್ಜಿ ತೇಯ್ದಿಟ್ಟಿದ್ದ ಹುಣಸೆ ಬೀಜಗಳನ್ನೇ ಇಡುತ್ತೇವೆ, ಅರ್ಧಕ್ಕಿಂತ ಹೆಚ್ಚು ಪೆಟ್ಟು ತಿಂದ ಶತ್ರುವಿನ ಬೀಜವನ್ನು ಬಿಳಿಯ ಮಗ್ಗುಲಿಗೆ ತಿರುಗಿಸುತ್ತೇವೆ. ಕಳೆದ ತಿಂಗಳು ಅದೇ ಮೇಜಿನ ಮೇಲೆ ನಮ್ಮ ಕ್ಲೆರಿಕ್ (ಗಾಯ ವಾಸಿಮಾಡುವ ಪುರೋಹಿತೆಯ ಪಾತ್ರ) ನನ್ನ ತಪ್ಪಿನಿಂದ ನೆಲಕ್ಕುರುಳಿದಳು. ರೀಚ್, ಅಂದರೆ ಒಂದು ಚೌಕ ಹೆಚ್ಚು ದೂರ ಮುಟ್ಟುವ ಗುಣ, ಇರುವ ಆಯುಧಗಳ ಬಗ್ಗೆ ಇಷ್ಟು ದೀರ್ಘವಾಗಿ ಬರೆಯಲು ಆ ದಿನವೇ ಕಾರಣ.

ಗ್ಲೇವ್, ಹ್ಯಾಲ್ಬರ್ಡ್ (ಉದ್ದ ಕೋಲಿನ ಕೊಡಲಿ), ಪೈಕ್ (ಬಹಳ ಉದ್ದದ ಭರ್ಜಿ), ಲ್ಯಾನ್ಸ್ (ಕುದುರೆ ಸವಾರನ ಭರ್ಜಿ) ಮತ್ತು ಚಾವಟಿ, ಇವಿಷ್ಟಕ್ಕೇ 2014ರ ಐದನೇ ಆವೃತ್ತಿಯಲ್ಲಿ ರೀಚ್ ಇದೆ. ಈಟಿಗೆ ಇಲ್ಲ, ಹೊಸಬರು ಇದನ್ನು ನಂಬುವುದೇ ಇಲ್ಲ. ಒಂದು ಚೌಕವೆಂದರೆ 5 ಅಡಿ ಎಂದು ಲೆಕ್ಕ ಹಿಡಿದರೆ, ಕತ್ತಿ ಹಿಡಿದವನು ಪಕ್ಕದ ಚೌಕವನ್ನಷ್ಟೇ ಮುಟ್ಟಬಲ್ಲ, ಗ್ಲೇವ್ ಹಿಡಿದವನು ಅದರಾಚೆಯ ಚೌಕವನ್ನೂ ಮುಟ್ಟಬಲ್ಲ. ಹೆಚ್ಚಿನ ಆಟಗಾರರು ಗ್ಲೇವ್ ಆರಿಸಿಕೊಳ್ಳುವುದು ಅದರ ಹತ್ತು ಮುಖದ ದಾಳಕ್ಕಾಗಿ. ಆಮೇಲೆ ನೇರವಾಗಿ ಹೋಗಿ ಶತ್ರುವಿನ ಮಗ್ಗುಲಲ್ಲೇ ನಿಂತು ಹೊಡೆಯುತ್ತಾರೆ. ಹಾಗೆ ನಿಲ್ಲುವುದಾದರೆ ಕತ್ತಿಯೂ ಗುರಾಣಿಯೂ ಸಾಕಿತ್ತು, ಗುರಾಣಿಯಿಂದ ರಕ್ಷಣೆಯಾದರೂ ಸಿಗುತ್ತಿತ್ತು. ಈ ಆಯುಧದ ಬೆಲೆಯಿರುವುದು ನಮ್ಮಿಬ್ಬರ ನಡುವೆ ಖಾಲಿ ಉಳಿಯುವ ಆ ಒಂದು ಚೌಕದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗೊಂದಲಕ್ಕೆ ಹಳೆಯ ನಿಯಮಗಳ ನೆನಪೂ ಕಾರಣ. 2003ರ ಮೂರೂವರೆ ಆವೃತ್ತಿಯಲ್ಲಿ ಉದ್ದ ಆಯುಧದ ಹಿಡಿತದಲ್ಲಿರುವ ಒಂದು ಚೌಕವನ್ನು ಬಿಟ್ಟು ಮುಂದಕ್ಕೆ ಕಾಲಿಟ್ಟರೂ ಪೆಟ್ಟು ಬೀಳುತ್ತಿತ್ತು. ಅದಕ್ಕೆ ಪ್ರತಿಯಾಗಿ ಅಂಥ ಆಯುಧಗಳಲ್ಲಿ ಹೆಚ್ಚಿನವುಗಳಿಂದ ಪಕ್ಕದ ಚೌಕದವನನ್ನು ಹೊಡೆಯುವಂತಿರಲಿಲ್ಲ. ಐದನೇ ಆವೃತ್ತಿಯಲ್ಲಿ ಪಕ್ಕದವನನ್ನೂ ಹೊಡೆಯಬಹುದು, ಆದರೆ ಆಪರ್ಚುನಿಟಿ ಅಟ್ಯಾಕ್ (ಶತ್ರುವಿನ ಸರದಿಯಲ್ಲೇ ನಾವು ಹೊಡೆಯಬಹುದಾದ ಪೆಟ್ಟು) ಸಿಗುವುದು ಶತ್ರು ನಮ್ಮ ರೀಚ್ ದಾಟಿ ಹೊರಗೆ ಹೋದಾಗ ಮಾತ್ರ. ಆದ್ದರಿಂದ ಅವನು ನಿರಾತಂಕವಾಗಿ ಒಳಗೆ ಬರಬಹುದು, 10 ಅಡಿಯ ವಲಯದೊಳಗೆ ನಮ್ಮನ್ನು ಸುತ್ತಿ ಹಿಂದಿರುವ ಗೆಳೆಯನ ಬಳಿಗೂ ಹೋಗಬಹುದು. ಫೀಟ್ ಎಂಬ ವಿಶೇಷ ಸಾಮರ್ಥ್ಯಗಳಿಲ್ಲದ ಗ್ಲೇವ್‌ಧಾರಿ ತಾನು ಗೋಡೆಯಂತೆ ನಿಂತಿದ್ದೇನೆಂದು ಭಾವಿಸಿದರೆ ಮೋಸಹೋಗುತ್ತಾನೆ.

ಫೀಟ್‌ಗಳಿಲ್ಲದೆಯೂ ಮಾಡಬಹುದಾದ ಕೆಲಸವೊಂದಿದೆ. 10 ಅಡಿ ದೂರದಿಂದ ಹೊಡೆದು, ಉಳಿದ ನಡಿಗೆಯಲ್ಲಿ ಹಿಂದಕ್ಕೆ ಸರಿಯುವುದು. ಶತ್ರುವಿನ 5 ಅಡಿಯೊಳಗೆ ನಾವು ಕಾಲಿಟ್ಟೇ ಇಲ್ಲದ ಕಾರಣ ಅವನಿಗೆ ನಮ್ಮ ಮೇಲೆ ಪೆಟ್ಟು ದಕ್ಕುವುದಿಲ್ಲ. ಝಾಂಬಿಯ ನಡಿಗೆ 20 ಅಡಿ, ಸಾಮಾನ್ಯ ಮನುಷ್ಯ ಪಾತ್ರದ್ದು 30. ಬಯಲು ಜಾಗವಿದ್ದು ಝಾಂಬಿ ಓಡದೆ ನಡೆದೇ ಬರುವಷ್ಟು ಕಾಲ ಅದು ನಮ್ಮನ್ನು ಮುಟ್ಟಲಾರದು. ಇಕ್ಕಟ್ಟಾದ ಸುರಂಗದಲ್ಲಿ, ಅದೂ ಹಿಂದೆ ನಾಲ್ವರು ಸಂಗಾತಿಗಳು ನಿಂತಿರುವಾಗ, ಈ ಉಪಾಯ ಸಾಗದು.

ಗೋಡೆಯಾಗಿಯೇ ನಿಲ್ಲಬೇಕೆನ್ನುವವರಿಗೆ ಪೋಲ್‌ಆರ್ಮ್ ಮಾಸ್ಟರ್ ಮತ್ತು ಸೆಂಟಿನೆಲ್ ಎಂಬ ಜೋಡಿ ಇದೆ. ಮೊದಲನೆಯದರಿಂದ ರೀಚ್‌ನೊಳಗೆ ಬರುವವನ ಮೇಲೂ ಹೊಡೆತ ಸಿಗುತ್ತದೆ. ಎರಡನೆಯದರಿಂದ, ಆ ಹೊಡೆತ ತಗುಲಿದರೆ ಅವನ ನಡಿಗೆ ಆ ಸರದಿ ಮುಗಿಯುವವರೆಗೆ ಸೊನ್ನೆಯಾಗುತ್ತದೆ. ಕತ್ತಿ ಹಿಡಿದವನು 10 ಅಡಿ ದೂರದಲ್ಲೇ ನಾಟಿಕೊಳ್ಳುತ್ತಾನೆ. ಇದನ್ನು ಅನ್ಯಾಯದ ಜೋಡಿ ಎಂದು ಹಲವರು ದೂರುತ್ತಾರೆ, ನಾನು ಒಪ್ಪುವುದಿಲ್ಲ. ಒಂದು ಸುತ್ತಿಗೆ ರಿಯಾಕ್ಷನ್ (ಇತರರ ಸರದಿಯಲ್ಲಿ ಕೊಡುವ ಇಂಥ ಪ್ರತಿಕ್ರಿಯೆ) ಒಂದೇ, ಹೊಡೆತ ತಗುಲಲೇಬೇಕು, ಬಿಲ್ಲುಗಾರನಿಗೂ ಮಂತ್ರವಾದಿಗೂ ಇದರ ಭಯವೇ ಇಲ್ಲ.

ನಾನು ಎಡವಿದ್ದು ಆ ‘ಒಂದೇ’ ಎಂಬಲ್ಲಿ. ಓಣಿಯ ಬಾಯಲ್ಲಿ ನಿಂತಿದ್ದೆ, ಮೊದಲು ಗಾಬ್ಲಿನ್ ಎಂಬ ಒಂದು ಕುಳ್ಳ ರಾಕ್ಷಸ ಜೀವಿ ನುಗ್ಗಿತು, ಹಿಂದುಮುಂದು ನೋಡದೆ ಹೊಡೆದೆ, ಅದು ಸತ್ತಿತು, ನಾನು ಹಿಗ್ಗಿದೆ. ಅದರ ಬೆನ್ನಿಗೇ ಓಗರ್ ಎಂಬ ದೊಡ್ಡ ರಾಕ್ಷಸ ಜೀವಿ ನನ್ನನ್ನು ದಾಟಿ ಹೋಗಿ ಕ್ಲೆರಿಕ್ ಮೇಲೆ ಗದೆ ಬೀಸಿತು. ಅದು ಹೊರಗೆ ನಿಂತಿದ್ದುದು ನನ್ನ ಕಣ್ಣೆದುರಿಗೇ ಇತ್ತು. ರಿಯಾಕ್ಷನ್ ಬಳಸಲೇಬೇಕೆಂಬ ಕಡ್ಡಾಯವಿಲ್ಲ. ಗಾಬ್ಲಿನ್ನನ್ನು ಒಳಗೆ ಬಿಟ್ಟಿದ್ದರೆ ನಮ್ಮಲ್ಲಿ ಯಾರಾದರೂ ಅದನ್ನು ಮುಗಿಸುತ್ತಿದ್ದರು. ಯಾರನ್ನು ತಡೆಯಬೇಕೆಂಬುದನ್ನು ಅವರು ಚಲಿಸುವ ಮೊದಲೇ ತೀರ್ಮಾನಿಸಿಕೊಂಡಿರಬೇಕು. ಈಗ ನಾನು ಪ್ರತಿ ಸುತ್ತಿನ ಆರಂಭದಲ್ಲೂ ಒಂದು ಬೀಜವನ್ನು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳುತ್ತೇನೆ.

ಗುರಾಣಿ ಹಿಡಿದ ಗೆಳೆಯನ ಹಿಂದೆ ನಿಂತು ಅವನ ಹೆಗಲ ಮೇಲಿಂದ ಹೊಡೆಯುವುದು ಎಲ್ಲರಿಗೂ ಪ್ರಿಯವಾದ ವ್ಯೂಹ. ಆದರೆ ನಡುವೆ ನಿಂತ ಗೆಳೆಯನೂ ಶತ್ರುವಿಗೆ ಮರೆಯಾಗುತ್ತಾನೆ, ಆ ಅರ್ಧ ಮರೆಯಿಂದ ಶತ್ರುವಿನ ಆರ್ಮರ್ ಕ್ಲಾಸ್ (ಪೆಟ್ಟು ತಗುಲಲು ದಾಳದಲ್ಲಿ ಮುಟ್ಟಬೇಕಾದ ಅಂಕ) 2 ಅಂಕ ಹೆಚ್ಚುತ್ತದೆ. ಆಟ ನಡೆಸಿಕೊಡುವ ಬಹಳಷ್ಟು ಡಂಜನ್ ಮಾಸ್ಟರ್‌ಗಳು ಇದನ್ನು ಮರೆತೇಬಿಡುತ್ತಾರೆ. ದಯವಿಟ್ಟು ಮರೆಯಬೇಡಿ, ಏಕೆಂದರೆ ಆ 2 ಅಂಕಗಳಿದ್ದಾಗ ಮಾತ್ರ ಆಟಗಾರ ಪಕ್ಕಕ್ಕೆ ಸರಿದು ಮರೆಯಿಲ್ಲದ ಕೋನವೊಂದನ್ನು ಹುಡುಕುತ್ತಾನೆ, ಹಾಗೆ ಸರಿದಾಗ ತಾನೂ ಒಂದಿಷ್ಟು ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ಗೆಳೆಯನ ಮೇಲೆ ಬಿದ್ದವನಿಗೆ ಸೆಂಟಿನೆಲ್ ಕೊಡುವ ಮರುಹೊಡೆತವೂ ಆ ಶತ್ರು ನಮ್ಮಿಂದ 5 ಅಡಿಯೊಳಗಿದ್ದರೆ ಮಾತ್ರ ಲಭ್ಯ; ಎರಡು ಚೌಕ ಹಿಂದೆ ನಿಂತವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

2024ರ ಪರಿಷ್ಕೃತ ನಿಯಮಗಳಲ್ಲಿ ಪೈಕ್‌ಗೆ ನೂಕುವ ಗುಣ ಬಂದಿದೆ. ಅದರಲ್ಲಿ ಪಳಗಿದವನ ಪೆಟ್ಟು ತಗುಲಿದರೆ, ತೀರಾ ದೈತ್ಯನಲ್ಲದ ಶತ್ರುವನ್ನು 10 ಅಡಿ ಹಿಂದಕ್ಕೆ ತಳ್ಳಬಹುದು. ಪಕ್ಕದ ಚೌಕದವರೆಗೆ ಬಂದವನು ರೀಚ್‌ನಿಂದಲೇ ಹೊರಗೆ ಬೀಳುತ್ತಾನೆ, ಮತ್ತೆ ಒಳಗೆ ಬರಬೇಕಾದರೆ ಪೋಲ್‌ಆರ್ಮ್ ಮಾಸ್ಟರ್‌ನ ಹೊಡೆತವನ್ನು ಮತ್ತೆ ಎದುರಿಸಬೇಕು. ನಮ್ಮ ಗುಂಪು ಮುಂದಿನ ಭಾನುವಾರದಿಂದ ಈ ನಿಯಮಗಳಿಗೆ ಬದಲಾಗುತ್ತಿದೆ. ಎರಡು ವರ್ಷ ಹಿಡಿದ ಗ್ಲೇವನ್ನು ಕೆಳಗಿಟ್ಟು ಪೈಕ್ ಎತ್ತಿಕೊಳ್ಳುವುದಾಗಿ ಕ್ಲೆರಿಕ್ ಆಡುವ ಗೆಳತಿಗೆ ಆಗಲೇ ಹೇಳಿಟ್ಟಿದ್ದೇನೆ.