ನರ್ಸಮ್ಮ ಬೇಡ, ಝೆರಾಕ್ಸ್ ಕಳಿಸಿ

ನಮ್ಮ ಕಡೆ ನರ್ಸುಗಳ ಕೊರತೆ ಇದೆ ಅಂತ ಯಾರೋ ಸುದ್ದಿ ಹಬ್ಬಿಸಿದ್ದಾರೆ. ಶುದ್ಧ ಸುಳ್ಳು. ರಾಯಚೂರಿನ ಯಾವುದಾದರೂ ಝೆರಾಕ್ಸ್ ಅಂಗಡಿಗೆ ಹೋಗಿ ನಿಲ್ಲಿ. ಒಬ್ಬೊಬ್ಬ ನರ್ಸು ಹತ್ತು ಹತ್ತು ಪ್ರತಿಯಾಗಿ ಹೊರಗೆ ಬರುತ್ತಿರುತ್ತಾಳೆ, ಅದೂ ಬಿಸಿಬಿಸಿಯಾಗಿ. ಒಂದು ಪ್ರತಿ ಕಾಲೇಜಿಗೆ, ಒಂದು ನರ್ಸಿಂಗ್ ಹೋಮಿಗೆ, ಒಂದು ಏಜೆನ್ಸಿಗೆ, ಇನ್ನೊಂದು ಸಹಾಯಕ ಆಯುಕ್ತರ ಕಚೇರಿಗೆ. ಹೋದಲ್ಲೆಲ್ಲ ಕಾಗದಕ್ಕೆ ಮರ್ಯಾದೆ ಇದೆ. ಅದನ್ನು ಹಿಡಿದುಕೊಂಡು ನಿಂತ ಹುಡುಗಿಗೆ ಮಾತ್ರ "ಹೊರಗ ಕುಂದರ್ರಿ" ಅನ್ನುತ್ತಾರೆ.

ಇದು ಶುರುವಾಗುವುದು ಪಿಯುಸಿ ಫಲಿತಾಂಶದ ವಾರದಲ್ಲಿ. ಮಗಳು ವಿಜ್ಞಾನದಲ್ಲಿ ಪಾಸಾದ ಸುದ್ದಿ ಅಪ್ಪನಿಗೆ ತಲುಪುವ ಮೊದಲೇ ಏಜೆಂಟನಿಗೆ ತಲುಪಿರುತ್ತದೆ. ನಮ್ಮ ಓಣಿಯ ಒಬ್ಬ ಹುಡುಗಿಯ ಮನೆಗೂ ಹೀಗೇ ಒಬ್ಬ ಬಂದ. ನರ್ಸಿಂಗ್ ಕೋರ್ಸುಗಳಲ್ಲಿ ಎಎನ್‌ಎಂ ಆದರೆ ಎರಡು ವರ್ಷ, ಜಿಎನ್‌ಎಂ ಮೂರು, ಬಿಎಸ್ಸಿ ನಾಲ್ಕು ಅಂತ ಬೆರಳು ಮಡಚಿ ಲೆಕ್ಕ ಹೇಳಿದ. ಆಮೇಲೆ ಚಹಾ ಕುಡಿಯುತ್ತ ಕೇಳಿದ, "ಅಟೆಂಡಿಂಗೋ, ನಾನ್ ಅಟೆಂಡಿಂಗೋ?" ಖಾನಾವಳಿಯಲ್ಲಿ "ಇಲ್ಲೇ ತಿಂತೀರೋ, ಪಾರ್ಸೆಲ್ಲೋ" ಅಂತ ಕೇಳುವ ಹಾಗೆ.

"ನಾನ್ ಅಟೆಂಡಿಂಗ್ ಅಂದ್ರ ಏನ್ರಿ?" ಅಂದರು ಹುಡುಗಿಯ ಅಪ್ಪ. ಹತ್ತಿ ಬೆಳೆಯುವ ಮನುಷ್ಯ, ಪಾಪ.

"ನಿಮ್ಮ ಮಗಳು ಮನ್ಯಾಗ ಇರ್ತಾಳ್ರಿ, ಆಕಿ ಹಾಜರಿ ಕಾಲೇಜಿನಾಗ ಇರ್ತದ. ಪರೀಕ್ಷಾಕ್ಕ ಬಂದ್ರ ಸಾಕು."

"ಮತ್ತ ಸೂಜಿ ಹಾಕೋದು ಹೆಂಗ ಕಲೀತಾಳ್ರಿ?"

"ಏ ಯಜಮಾನ್ರ, ಸೂಜಿ ಬ್ಯಾರೆ, ಸರ್ಟಿಫಿಕೇಟ್ ಬ್ಯಾರೆ!"

ಇಷ್ಟು ಸ್ಪಷ್ಟವಾಗಿ ನಮ್ಮ ನರ್ಸಿಂಗ್ ಶಿಕ್ಷಣವನ್ನು ಯಾವ ತಜ್ಞರ ಸಮಿತಿಯೂ ವಿವರಿಸಿಲ್ಲ. ಆದರೆ ಹುಡುಗಿಗೆ ಹಟ. ನಾನು ದಿನಾ ಹೋಗಿಯೇ ಓದುತ್ತೇನೆ ಅಂದಳು. ಏಜೆಂಟ್ ಆಕೆಯ ಮುಖವನ್ನು ಒಮ್ಮೆ ಕನಿಕರದಿಂದ ನೋಡಿ, ಅಟೆಂಡಿಂಗ್ ಅಂತ ಬರೆದುಕೊಂಡ.

ಕಾಲೇಜು ಅಂದರೆ ಒಂದು ಕಾಂಪ್ಲೆಕ್ಸಿನ ಎರಡನೇ ಮಹಡಿ. ಕೆಳಗೆ ಬೀಜ ಗೊಬ್ಬರದ ಅಂಗಡಿ, ಮೇಲೆ ಫ್ಲಾರೆನ್ಸ್ ನೈಟಿಂಗೇಲ್ ಫೋಟೋ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ದೊಡ್ಡದಿದೆ. ಕಾಲೇಜಿಗೆ ಸ್ವಂತದ್ದು 100 ಹಾಸಿಗೆಯ ಆಸ್ಪತ್ರೆ ಇರಬೇಕು. ಕಲಿಯುವ ಒಬ್ಬೊಬ್ಬರಿಗೆ ಮೂವರು ರೋಗಿಗಳ ಲೆಕ್ಕ ಸಿಗಬೇಕು. ಕಾಲೇಜು ಈ ನಿಯಮವನ್ನು ತಪ್ಪದೆ ಪಾಲಿಸುತ್ತದೆ, ಪರಿಶೀಲನೆ ನಡೆಯುವ ದಿನ. ಅವತ್ತು ಬೆಳಗ್ಗೆ ಕೂಲಿಯವರ ಅಡ್ಡೆಗೆ ಒಂದು ಟಾಟಾ ಏಸ್ ಹೋಗುತ್ತದೆ. ಗಾರೆ ಕೆಲಸಕ್ಕೆಂದು ಬುತ್ತಿ ಕಟ್ಟಿಕೊಂಡು ನಿಂತವರನ್ನು ಹತ್ತಿಸಿಕೊಂಡು ಬರುತ್ತದೆ. ದಿನದ ಕೂಲಿ ಇದೆ, ಒಗ್ಗರಣೆ ಮಿರ್ಚಿ ಇದೆ. ಕೆಲಸ ಮಲಗುವುದು. ಸಮಸ್ಯೆ ಒಂದೇ. ಇವರು ಗಟ್ಟಿಮುಟ್ಟಾದ ಜನ, ಎಷ್ಟು ಹೇಳಿದರೂ ನರಳಲು ಬರುವುದಿಲ್ಲ. ಒಬ್ಬನಿಗೆ ಏನು ತೊಂದರೆ ಅಂತ ತಂಡದವರು ಕೇಳಿದರಂತೆ. "ಸಾಹೇಬ್ರ, ಮಧ್ಯಾಹ್ನದ ಊಟದ ಮಾತು ಯಾರೂ ಆಡವಲ್ರು" ಅಂದನಂತೆ ಅವನು. ಹಸಿವು ಮಂದ ಅಂತ ಕೇಸ್ ಶೀಟಿನಲ್ಲಿ ಬರೆಯಲಾಯಿತು.

ಉಳಿದ ದಿನಗಳಲ್ಲಿ ಕಲಿಯಲು ಹೋಗುವುದು ಸರ್ಕಾರಿ ಆಸ್ಪತ್ರೆಗೆ. ಇಲ್ಲಿ ಲೆಕ್ಕ ತಿರುಗುಮುರುಗು. ಮೂರು ನಾಲ್ಕು ಕಾಲೇಜುಗಳ ಹುಡುಗಿಯರು, ಒಂದೊಂದು ಕಾಲೇಜಿಗೆ ಒಂದೊಂದು ಬಣ್ಣದ ಯೂನಿಫಾರ್ಮು, ನಡುವೆ ಒಬ್ಬ ಅಜ್ಜ. ಮಾನ್ವಿ ಕಡೆಯವನು. ಬೆಳಗಿನಿಂದ ಅವನ ತೋಳಿಗೆ ಬಿಪಿ ಪಟ್ಟಿ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಗುಲಾಬಿಯವರು ಮುಗಿಸಿದ ಮೇಲೆ ನೀಲಿಯವರು, ನೀಲಿಯವರಾದ ಮೇಲೆ ಬಿಳಿಯವರು. ಕೊನೆಗೆ ಅಜ್ಜನೇ ಹೊಸದಾಗಿ ಬಂದವಳಿಗೆ ಹೇಳಿಕೊಟ್ಟನಂತೆ, "ಯವ್ವಾ, ಪಟ್ಟಿ ಇನ್ನಾ ಮ್ಯಾಲ ಕಟ್ಟು, ಪೈಪು ಈ ಕಡಿ ಬರಬೇಕು. ಮೊದಲಿನಾಕಿಗೆ ನೂರಾ ನಲವತ್ತು ಬಂದಿತ್ತು ನೋಡು."

ಹೆರಿಗೆ ವಾರ್ಡಿನದು ಇನ್ನೂ ದೊಡ್ಡ ಕತೆ. ಆಕೆ ಓದಿದ ಬಿಎಸ್ಸಿ ಪಠ್ಯಕ್ರಮದ ಪ್ರಕಾರ ಒಬ್ಬೊಬ್ಬರೂ 30 ಗರ್ಭಿಣಿಯರನ್ನು ತಪಾಸಣೆ ಮಾಡಿರಬೇಕು, 20 ಸಹಜ ಹೆರಿಗೆ ಮಾಡಿಸಿರಬೇಕು. ಎಲ್ಲವನ್ನೂ ಕೇಸ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಬೇಕು. ಅಷ್ಟೊಂದು ಹುಡುಗಿಯರು, ತಲೆಗೆ ಇಪ್ಪತ್ತು ಹೆರಿಗೆ. ರಾಯಚೂರಿನ ಹೆಣ್ಣುಮಕ್ಕಳು ಎಷ್ಟು ಅಂತ ಹೆರಬೇಕು? ಹಾಗಾಗಿ ಸಿರವಾರ ಕಡೆಯ ಒಬ್ಬ ತಾಯಿ ಎಲ್ಲರ ಪಾಲಿಗೂ ಹೆತ್ತಳು. ವಾರ್ಡಿನಲ್ಲಿ ಹೆತ್ತಿದ್ದು ಒಂದೇ ಮಗು, ರಾತ್ರಿ ಎರಡೂವರೆಗೆ. ಹಾಸ್ಟೆಲಿನಲ್ಲಿ ಕೇಸ್ ಬುಕ್ ಕೈಯಿಂದ ಕೈಗೆ ದಾಟಿದ ಹಾಗೆ ಆಕೆ ಬೆಳಗಿನ ತನಕ ಹೆರುತ್ತಲೇ ಇದ್ದಳು. ಒಂದು ಪುಸ್ತಕದಲ್ಲಿ ಗಂಡು, ಒಂದರಲ್ಲಿ ಹೆಣ್ಣು. ಅರ್ಜೆಂಟಿನಲ್ಲಿ ನಕಲು ಮಾಡಿದ ಒಬ್ಬಳ ಪುಸ್ತಕದಲ್ಲಿ ಮಗುವಿನ ತೂಕ ಇಪ್ಪತ್ತೆಂಟು ಕಿಲೋ. ಚುಕ್ಕಿ ಬಿಟ್ಟುಹೋಗಿತ್ತು. ಅದಕ್ಕೂ ಸಹಿ ಬಿತ್ತು.

ನಮ್ಮ ಹುಡುಗಿ ಮಾತ್ರ ಕಣ್ಣಾರೆ ನೋಡಿದ, ಕೈಯಾರೆ ಮಾಡಿಸಿದ ಹೆರಿಗೆಗಳನ್ನೇ ಬರೆದಳು. ಹದಿಮೂರಾದವು. "ಉಳಿದ ಏಳು ಎಲ್ಲಿ?" ಅಂತ ಬೈಸಿಕೊಂಡಳು.

ಮೇ 12ಕ್ಕೆ ನರ್ಸುಗಳ ದಿನ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಆ ದಿನ. ರಾಯಚೂರಿನ ಬಿಸಿಲಲ್ಲಿ, ಫ್ಯಾನ್ ಆರಿಸಿದ ಹಾಲಿನಲ್ಲಿ (ದೀಪ ನಂದುತ್ತದಲ್ಲ), ಹುಡುಗಿಯರು ಮೇಣದಬತ್ತಿ ಹಿಡಿದು ಪ್ರತಿಜ್ಞೆ ಮಾಡುತ್ತಾರೆ. ಆ ವರ್ಷ ಬಂದ ಮುಖ್ಯ ಅತಿಥಿಯೊಬ್ಬರು, ನೈಟಿಂಗೇಲ್ ಅಮ್ಮನವರ ಹತ್ತಿರ ಒಂದೇ ಕಂದೀಲು ಇತ್ತು, ನಮ್ಮೂರಲ್ಲಿ ತೀನ್ ಕಂದೀಲ್ ಅಂತ ಸರ್ಕಲ್ಲೇ ಇದೆ, ಆದ್ದರಿಂದ ನಾವು ಮೂರು ಪಟ್ಟು ಸೇವೆ ಮಾಡಬೇಕು ಅಂದರು. ಚಪ್ಪಾಳೆ ಬಿತ್ತು. ಆದರೆ ಆಯಮ್ಮ ದೀಪ ಹಿಡಿದಿದ್ದಕ್ಕಿಂತ ಲೆಕ್ಕ ಹಿಡಿದದ್ದು ಜಾಸ್ತಿ. 1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಆಸ್ಪತ್ರೆಗೆ ಹೋದವಳು, ಸತ್ತವರನ್ನು ಎಣಿಸಿ, ಗಾಯದಿಂದ ಸತ್ತವರಿಗಿಂತ ಆಸ್ಪತ್ರೆಯ ಹೊಲಸಿನಿಂದ ಹರಡಿದ ರೋಗಕ್ಕೆ ಸತ್ತವರೇ ಹೆಚ್ಚು ಅಂತ ಅಂಕಿಅಂಶ ಇಟ್ಟು ಸರ್ಕಾರದ ಬಾಯಿ ಮುಚ್ಚಿಸಿದಳು. ಆಕೆ ಕಂದೀಲು ಹಿಡಿದು ಇಲ್ಲಿಗೆ ಬಂದು, ಎಲ್ಲಿ ಆ ಇಪ್ಪತ್ತೆಂಟು ಕಿಲೋದ ಮಗು, ನೋಡೋಣ ತೋರಿಸಿ ಅಂದಿದ್ದರೆ? ಹಾಗಾಗಿಯೇ ಆಕೆಯನ್ನು ಫೋಟೋದಲ್ಲಿ ಇಟ್ಟು ಹಾರ ಹಾಕಿರುವುದು.

ನಾಲ್ಕು ವರ್ಷ ಮುಗಿಯಿತು. ಪಾಸಾದಳು. ಒರಿಜಿನಲ್ ಮಾರ್ಕ್ಸ್ ಕಾರ್ಡು ಕಾಲೇಜಿನ ಬೀರುವಿನಲ್ಲಿ, ಬೀರುವಿನ ಕೀಲಿ ಕೈ ಅಧ್ಯಕ್ಷರ ಹತ್ತಿರ, ಅಧ್ಯಕ್ಷರು ಬೆಂಗಳೂರಿನಲ್ಲಿ. ಅದನ್ನು ಬಿಡಿಸಿಕೊಳ್ಳಲು ಬಾಕಿ ಫೀ, ಲ್ಯಾಬ್ ಫೀ, ಯಾರೂ ನೋಡದ ಗ್ರಂಥಾಲಯದ ಫೀ, ಕಡೆಗೆ ಬೀಳ್ಕೊಡುಗೆ ಸಮಾರಂಭದ ಶಾಲಿನ ದುಡ್ಡು. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವಂತಿಲ್ಲ ಅಂತ ಸುತ್ತೋಲೆ ಇದೆಯಲ್ಲ ಅಂದರೆ, ಇದೆ, ಅದೂ ಅದೇ ಬೀರುವಿನಲ್ಲಿದೆ.

ಇನ್ನು ಕೆಲಸ. ಬೋರ್ಡು ಎಲ್ಲ ಕಡೆ ನೇತಾಡುತ್ತಿದೆ, ನರ್ಸುಗಳು ಬೇಕಾಗಿದ್ದಾರೆ ಅಂತ. ಒಂದು ನರ್ಸಿಂಗ್ ಹೋಮಿಗೆ ಹೋದಳು. ಅಲ್ಲಿ ಸಂದರ್ಶನ ಮಾಡಿದವರು ಮ್ಯಾನೇಜರ್, ಅಂದರೆ ಡಾಕ್ಟರ ಭಾವಮೈದುನ.

"ಎರಡು ವರ್ಷದ ಅನುಭವ ಅದ ಏನಮ್ಮ?"

"ಈಗ ಪಾಸಾಗೀನ್ರಿ ಸರ್. ಕೆಲಸ ಕೊಟ್ರ ಅನುಭವ ಆಗ್ತದ."

"ಅನುಭವ ಇದ್ರ ಕೆಲಸ ಕೊಡ್ತೀವಿ. ಇರಲಿ, ಎಂಟು ಸಾವಿರ ತಗೋ. ರಾತ್ರಿ ಪಾಳಿ. ಬಿಲ್ಲಿಂಗ್ ನೋಡ್ಕೊಬೇಕು, ಮೆಡಿಕಲ್ ಶಾಪಿನ ಹುಡುಗ ಬರಲಿಲ್ಲಂದ್ರ ಅಲ್ಲಿ ಕುಂದರಬೇಕು. ಒರಿಜಿನಲ್ ಇಲ್ಲಿ ಇಡಬೇಕು."

ಹುಡುಗಿ ಸ್ವಲ್ಪ ಓದಿಕೊಂಡವಳು. ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೇಂದ್ರ ಸರ್ಕಾರ 2016ರಲ್ಲಿ ಒಂದು ಸಮಿತಿ ಮಾಡಿತ್ತು, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸಿಗೆ ಕನಿಷ್ಠ 20,000 ಸಂಬಳ ಕೊಡಬೇಕು ಅಂತ ಅದು ಶಿಫಾರಸು ಮಾಡಿದೆಯಲ್ಲ ಸರ್ ಅಂದಳು. 200 ಹಾಸಿಗೆ ಮೀರಿದರೆ ಸರ್ಕಾರಿ ನರ್ಸಿನ ಸಮ ಸಂಬಳ ಅನ್ನುವುದನ್ನೂ ಹೇಳುವವಳಿದ್ದಳು. ಮ್ಯಾನೇಜರ್ ಅಷ್ಟರಲ್ಲಿ ನಗಲು ಶುರು ಮಾಡಿದ್ದರು. ನಕ್ಕು ನಕ್ಕು ಸಾಕಾಗಿ, ನೀರು ಕುಡಿದು, ಆಮೇಲೆ ದನಿ ತಗ್ಗಿಸಿ ಅಸಲಿ ಮಾತಿಗೆ ಬಂದರು.

"ನೋಡಮ್ಮ, ನೀ ಬರೋದೇ ಬ್ಯಾಡ. ನಿನ್ನ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಝೆರಾಕ್ಸ್ ಕೊಡು, ಒಂದು ಫೋಟೋ ಕೊಡು. ತಿಂಗಳಿಗೆ ಎರಡು ಸಾವಿರ ಮನಿಗೆ ಬರ್ತದ."

ವಿಷಯ ಇಷ್ಟೇ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಬೇಕಾದರೆ ತರಬೇತಾದ ಸಿಬ್ಬಂದಿಯ ವಿವರ ಕೊಡಬೇಕು. ವಿವರಕ್ಕೆ ನಮ್ಮ ಹುಡುಗಿಯ ಕಾಗದ ಸಾಕು. ವಾರ್ಡಿಗೆ ಬೇರೆ ಜನ ಇದ್ದಾರೆ. ಎಸೆಸೆಲ್ಸಿ ಮುಗಿಸಿ ಕಸ ಹೊಡೆಯಲು ಸೇರಿಕೊಂಡು, ಡ್ರಿಪ್ ಹಾಕುವುದನ್ನು ನೋಡಿ ನೋಡಿ ಕಲಿತವಳು. ಅವಳಿಗೆ ನಿಜವಾಗಿ ಕೆಲಸ ಬರುತ್ತದೆ, ಕಾಗದ ಇಲ್ಲ. ಇವಳಿಗೆ ಕಾಗದ ಇದೆ, ಕೆಲಸ ಕೊಡುವುದಿಲ್ಲ. ಅವಳ ಕೈ, ಇವಳ ಫೋಟೋ ಸೇರಿ ಒಬ್ಬ ಪೂರ್ತಿ ನರ್ಸು. ಸಂಬಳ ಎರಡೂ ಸೇರಿಸಿದರೂ ಅರ್ಧ ನರ್ಸಿನದಾಗುವುದಿಲ್ಲ. ಹೆಚ್ಚುಕಮ್ಮಿಯಾಗಿ ಪೊಲೀಸರು ಬಂದರೆ ಕರೆಯುವುದು ಫೋಟೋದಲ್ಲಿದ್ದವಳನ್ನು. ನಮ್ಮ ಹುಡುಗಿ ಎದ್ದು ಬಂದಳು.

ಸರ್ಕಾರಿ ನೌಕರಿ ಇದೆಯಲ್ಲ ಅನ್ನಬಹುದು. ಖಂಡಿತ ಇದೆ. ಅದರಲ್ಲೂ ನಮಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ನಮ್ಮವರಿಗೆ. ಅದಕ್ಕೆ ನೀವು ಇಲ್ಲಿಯವರೇ ಅಂತ ಸಹಾಯಕ ಆಯುಕ್ತರ ಪ್ರಮಾಣಪತ್ರ ಬೇಕು. ಇಲ್ಲೇ ಹುಟ್ಟಿ, ಇಲ್ಲಿಯದೇ ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದವಳು ನಕ್ಕು ತೋರಿಸಿದರೆ ಸಾಕಾಗಬೇಕಿತ್ತು. ಸಾಕಾಗುವುದಿಲ್ಲ. ಪ್ರಮಾಣಪತ್ರ ತಂದದ್ದಾಯಿತು, ಲ್ಯಾಮಿನೇಷನ್ ಆಯಿತು. ಇನ್ನು ನೇಮಕಾತಿ ಕರೆಯುವುದೊಂದು ಬಾಕಿ. ಅಲ್ಲಿಯ ತನಕ ಹೊರಗುತ್ತಿಗೆ ಇದೆ. ಕೆಲಸ ಸರ್ಕಾರದ ವಾರ್ಡಿನಲ್ಲಿ, ಹೆಸರು ಏಜೆನ್ಸಿಯ ಪಟ್ಟಿಯಲ್ಲಿ, ಸಂಬಳ ಇವೆರಡರ ನಡುವೆ ಎಲ್ಲೋ ದಾರಿಯಲ್ಲಿ. ಏಜೆನ್ಸಿಯವರೂ ಮೊದಲು ಕೇಳಿದ್ದು ಝೆರಾಕ್ಸೇ. ಕೇಂದ್ರದವರು ಸ್ಟಾಫ್ ನರ್ಸ್ ಹುದ್ದೆಗೆ ನರ್ಸಿಂಗ್ ಆಫೀಸರ್ ಅಂತ ಹೆಸರಿಟ್ಟು ಎಷ್ಟೋ ವರ್ಷವಾಯಿತು. ಏಜೆನ್ಸಿ ರಿಜಿಸ್ಟರಿನಲ್ಲಿ ಆಫೀಸರಮ್ಮನ ಹೆಸರು ಸೆಕ್ಯೂರಿಟಿ ಗಾರ್ಡುಗಳ ಕೆಳಗೆ ಬರುತ್ತದೆ.

ರಾಯಚೂರಿಗೆ ಏಮ್ಸ್ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಇಲ್ಲಿ ಧರಣಿ ಕೂತ ಜನ ಸಾವಿರ ದಿನ ದಾಟಿಸಿದರು. ಬಿಸಿಲಲ್ಲಿ ಕೂತವರು ನಿಜವಾದ ಮನುಷ್ಯರು, ಅವರ ಬಗ್ಗೆ ನಗೆಯಾಡುವ ಯೋಗ್ಯತೆ ನನಗಿಲ್ಲ. ಅವರಿಗೆ ಸಿಕ್ಕಿದ್ದು ಮಾತ್ರ ಅದೇ ಹಳೆಯ ಸಾಮಾನು. ರಾಜ್ಯದಿಂದ ಕೇಂದ್ರಕ್ಕೆ ಪತ್ರ, ಪತ್ರಕ್ಕೊಂದು ನೆನಪೋಲೆ.

ಕಡೆಗೆ ಹುಡುಗಿ ಗಲ್ಫಿಗೆ ಹೋಗುತ್ತೇನೆ ಅಂದಳು. ಅಲ್ಲಿ ಪ್ರೊಮೆಟ್ರಿಕ್ ಅಂತ ಪರೀಕ್ಷೆ ಇದೆ, ಅದನ್ನು ಹೆದರದೆ ಬರೆದಳು, ಓದಿದ್ದಳಲ್ಲ. ಅದರ ಜೊತೆ ಡೇಟಾಫ್ಲೋ ಅಂತ ಇನ್ನೊಂದು. ಅಲ್ಲಿಯವರು ನೇರವಾಗಿ ಕಾಲೇಜಿಗೇ ಬರೆದು ಕೇಳುತ್ತಾರೆ, ಈಕೆ ನಿಮ್ಮಲ್ಲಿ ಓದಿದ್ದು ನಿಜವೇ ಅಂತ. ಕಾಲೇಜಿನ ಇತಿಹಾಸದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗುಮಾಸ್ತರು ಗಾಬರಿಯಾಗಿ ಹುಡುಗಿಯನ್ನು ಕರೆಸಿದರು.

"ಉತ್ತರ ಕೊಡಾಕ ಫೀ ಆಗ್ತದ ತಂಗಿ. ನಾನ್ ಅಟೆಂಡಿಂಗ್‌ನವರಿಗೆ ಎರಡು ಸಾವಿರ, ನಿನಗ ಐದು."

"ನಾ ನಾಲ್ಕೂ ವರ್ಷ ದಿನಾ ಬಂದೀನಲ್ರೀ ಸರ್!"

"ಅದಕ್ಕs ಮತ್ತ. ಅವರ ಹಾಜರಿ ನಾವು ಒಂದೇ ಸಲ ಕುಂತು ಬರೆದೀವಿ, ಒಂದೇ ಫೈಲಿನಾಗ ನೀಟಾಗಿ ಅದ. ನೀ ಖರೇನ ಬಂದಾಕಿ. ನಿಂದು ಹುಡುಕಬೇಕು."